ರಾತ್ರಿ ಎರಡು ಗಂಟೆಯ ಹಾಲು: ನಳಿಕೆಯಲ್ಲಿ ಹಾಲು ಕುಡಿಯುತ್ತಿದ್ದ, ತಿಂಗಳು ತುಂಬದ ಮಗುವೊಂದರ ಪ್ರಕರಣ

ಉಡುಪಿ ಜಿಲ್ಲೆಯ ಒಂದು ಆಸ್ಪತ್ರೆಯ ನವಜಾತ ಶಿಶುಗಳ ತೀವ್ರ ನಿಗಾ ಘಟಕದಲ್ಲಿ ಒಂದು ಮಳೆಗಾಲದಲ್ಲಿ ನಡೆದ ಸಂಗತಿ ಇದು. ಆಗ ನಾನು ಆ ಘಟಕದ ಶುಶ್ರೂಷಾ ಮೇಲ್ವಿಚಾರಕಿಯಾಗಿದ್ದೆ. ಮಗು, ತಂದೆ ತಾಯಿ, ವೈದ್ಯರು, ಸಹೋದ್ಯೋಗಿಗಳು ಯಾರ ಗುರುತೂ ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಹಾಲಿನ ವಿಷಯದಲ್ಲಿ ನಾವು ತೆಗೆದುಕೊಂಡ ನಿರ್ಧಾರಗಳನ್ನು ಮಾತ್ರ, ತಪ್ಪಿದವುಗಳನ್ನೂ ಸೇರಿಸಿ, ಇದ್ದ ಹಾಗೆಯೇ ಬರೆದಿದ್ದೇನೆ.

ಹಿನ್ನೆಲೆ

ತಾಯಿಗೆ ರಕ್ತದೊತ್ತಡ ವಿಪರೀತ ಏರಿದ್ದರಿಂದ 29ನೇ ವಾರದಲ್ಲೇ ಶಸ್ತ್ರಚಿಕಿತ್ಸೆ ಮಾಡಿ ಹೆರಿಗೆ ಮಾಡಿಸಬೇಕಾಯಿತು. ಹೆಣ್ಣುಮಗು, ತೂಕ 1,080 ಗ್ರಾಂ. ಉಸಿರಾಟಕ್ಕೆ ಮೂರು ದಿನ ಮೂಗಿನ ಮೂಲಕ ಒತ್ತಡದ ಗಾಳಿ ಬೇಕಾಯಿತು. ಆಮೇಲೆ ಆ ವಿಷಯದಲ್ಲಿ ಮಗು ನಮ್ಮನ್ನು ಹೆಚ್ಚು ಕಾಡಲಿಲ್ಲ. ಹೀರುವುದು, ನುಂಗುವುದು, ಉಸಿರಾಡುವುದು ಈ ಮೂರನ್ನೂ ಹೊಂದಿಸಿಕೊಂಡು ಮಾಡುವ ಶಕ್ತಿ ಶಿಶುವಿಗೆ ಬರುವುದು ಗರ್ಭದ ಲೆಕ್ಕದಲ್ಲಿ ಸುಮಾರು 32ರಿಂದ 34 ವಾರಗಳ ಹೊತ್ತಿಗೆ. ಅಲ್ಲಿಯವರೆಗೆ ಬಾಯಿಯ ಮೂಲಕ ಹೊಟ್ಟೆಗೆ ಇಳಿಸಿದ ತೆಳುವಾದ ನಳಿಕೆಯಲ್ಲೇ ಹಾಲು ಕೊಡಬೇಕು. ಮೊದಲ ದಿನ ಎರಡು ಗಂಟೆಗೊಮ್ಮೆ 2 ಮಿಲಿ ಹಾಲಿನಿಂದ ಆರಂಭಿಸಿ ದಿನದಿನಕ್ಕೆ ಏರಿಸುತ್ತಾ ಎಂಟನೇ ದಿನಕ್ಕೆ 9 ಮಿಲಿಗೆ ತಲುಪಿದ್ದೆವು. ಎಲ್ಲವೂ ತಾಯಿಯದೇ ಹಾಲು.

ಆರನೇ ದಿನ ತಾಯಿಯನ್ನು ಮನೆಗೆ ಕಳಿಸಲಾಯಿತು. ಬಾಣಂತಿಯರು ಉಳಿದುಕೊಳ್ಳಲು ನಮ್ಮಲ್ಲಿದ್ದ ಕೋಣೆ ಆಗ ತುಂಬಿತ್ತು. ಮನೆ ಇದ್ದದ್ದು ಉಡುಪಿಯಿಂದ ಉತ್ತರಕ್ಕೆ, ಕರಾವಳಿಯ ಒಂದು ಊರಿನಲ್ಲಿ. ಆಕೆ ಬೆಳಿಗ್ಗೆ ಬಂದು ಸಂಜೆಯವರೆಗೆ ಇದ್ದು, ಹಾಲು ಹಿಂಡಿ ಕೊಟ್ಟು ಹೋಗುತ್ತಿದ್ದರು. ಸಂಜೆಯ ನಂತರ ಮನೆಯಲ್ಲಿ ಹಿಂಡಿದ ಹಾಲನ್ನು ತಂದೆ ತಂದು ಕೊಡುತ್ತಿದ್ದರು. ಮಲ್ಪೆಯಲ್ಲಿ ಆಳಸಮುದ್ರದ ಬೋಟಿಗೆ ಹೋಗುವವರು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇರುವ ಕಾಲವಾದ್ದರಿಂದ ಮನೆಯಲ್ಲೇ ಇದ್ದರು. ಮಂಜುಗಡ್ಡೆಯ ವಿಷಯದಲ್ಲಿ ಅವರಿಗೆ ಯಾರೂ ಪಾಠ ಹೇಳಬೇಕಾಗಿರಲಿಲ್ಲ. ಥರ್ಮೋಕೋಲ್ ಪೆಟ್ಟಿಗೆಯಲ್ಲಿ ಪುಡಿ ಮಂಜಿನ ನಡುವೆ ಹಾಲಿನ ಪುಟ್ಟ ಡಬ್ಬಿಗಳನ್ನು ಹೂತು, ಮುಚ್ಚಳದ ಸುತ್ತ ಟೇಪು ಸುತ್ತಿ, ಸುರಿಯುವ ಮಳೆಯಲ್ಲಿ ಸ್ಕೂಟರಿನಲ್ಲಿ ತರುತ್ತಿದ್ದರು. ಅಷ್ಟು ಶಿಸ್ತಾಗಿ ತಣ್ಣಗೆ ಬಂದ ಎದೆಹಾಲನ್ನು ನಮ್ಮ ಘಟಕದಲ್ಲಿ ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಅದು ನೇರವಾಗಿ 4 ಡಿಗ್ರಿಯ ಫ್ರಿಜ್ಜಿಗೆ ಹೋಗುತ್ತಿತ್ತು.

ಹೀಗೆ ಹಗಲಿನ ಹಾಲು ಹಿಂಡಿದ ಕೂಡಲೇ ಮಗುವಿಗೆ ಸೇರುತ್ತಿತ್ತು, ರಾತ್ರಿಯ ಹಾಲು ಫ್ರಿಜ್ಜಿನಿಂದ ಬರುತ್ತಿತ್ತು. ಈ ವ್ಯತ್ಯಾಸ ನಮ್ಮೆಲ್ಲರಿಗೂ ಗೊತ್ತಿತ್ತು. ಗೊತ್ತಿದ್ದೂ ಯಾರಿಗೂ ಕಂಡಿರಲಿಲ್ಲ.

ಸಮಸ್ಯೆ

ಒಂಬತ್ತನೇ ದಿನ ಬೆಳಗಿನ ಜಾವ ನಾಲ್ಕು ಗಂಟೆಯ ಹಾಲಿನ ನಂತರ ಮಗು ಹಾಲು ಕಾರಿತು, ಹೊಟ್ಟೆ ಉಬ್ಬರಿಸಿ ಸುತ್ತಳತೆ ಒಂದೂವರೆ ಸೆಂಟಿಮೀಟರ್ ಹೆಚ್ಚಿತು, ಎರಡು ಸಲ ಉಸಿರು ನಿಂತು ತಟ್ಟಿ ಎಬ್ಬಿಸಬೇಕಾಯಿತು. ಕಂಕುಳಿನ ಉಷ್ಣಾಂಶ 36.2 ಡಿಗ್ರಿ. ನವಜಾತ ಶಿಶುವಿಗೆ 36.5ರಿಂದ 37.5 ಡಿಗ್ರಿ ಸಹಜ, 36.0ರಿಂದ 36.4ರವರೆಗಿನದನ್ನು ಲಘು ಶೀತಾವಸ್ಥೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಗುರುತಿಸುತ್ತದೆ. ಇಷ್ಟು ಸಣ್ಣ ಮಗುವಿನಲ್ಲಿ ಈ ಲಕ್ಷಣಗಳು ಒಟ್ಟಾಗಿ ಕಂಡರೆ ಯಾವ ವೈದ್ಯರ ಮನಸ್ಸೂ ಮೊದಲು ಹೋಗುವುದು ಎರಡು ಕಡೆಗೆ: ರಕ್ತದ ಸೋಂಕು, ಇಲ್ಲವೇ ಕರುಳಿನ ಗೋಡೆಯೇ ಕೊಳೆಯುವ ನೆಕ್ರೋಟೈಸಿಂಗ್ ಎಂಟರೊಕೊಲೈಟಿಸ್. ಹಾಲು ನಿಲ್ಲಿಸಿ, ರಕ್ತ ಪರೀಕ್ಷೆಗೆ ಕಳಿಸಿ, ಹೊಟ್ಟೆಯ ಎಕ್ಸ್‌ರೇ ತೆಗೆದು, ಆ್ಯಂಟಿಬಯಾಟಿಕ್ ಆರಂಭಿಸಲಾಯಿತು. ಆ ನಿರ್ಧಾರ ಸರಿಯಾಗಿಯೇ ಇತ್ತು. ಅದೇ ಸ್ಥಿತಿ ಇಂದು ಎದುರಾದರೂ ಅದನ್ನೇ ಮಾಡಬೇಕು.

ಎಕ್ಸ್‌ರೇಯಲ್ಲಿ ಕರುಳಿನ ಗೋಡೆಯೊಳಗೆ ಗಾಳಿ ಕಾಣಲಿಲ್ಲ, ಸೋಂಕಿನ ಸೂಚಕಗಳು ಏರಲಿಲ್ಲ, 48 ಗಂಟೆಗಳಾದರೂ ಕಲ್ಚರ್‌ನಲ್ಲಿ (ರೋಗಾಣು ಬೆಳೆಸಿ ನೋಡುವ ಪರೀಕ್ಷೆಯಲ್ಲಿ) ಏನೂ ಬೆಳೆಯಲಿಲ್ಲ. ಆ್ಯಂಟಿಬಯಾಟಿಕ್ ನಿಲ್ಲಿಸಲಾಯಿತು. ಹಾಲನ್ನು 24 ಗಂಟೆ ತಡೆದು ಮತ್ತೆ ಸ್ವಲ್ಪಸ್ವಲ್ಪವಾಗಿ ಏರಿಸಿ, ಹನ್ನೆರಡನೇ ದಿನಕ್ಕೆ ಹಿಂದಿನ 9 ಮಿಲಿಗೆ ಮರಳಿದೆವು. ಹದಿಮೂರನೇ ದಿನದ ರಾತ್ರಿ ಎರಡು ಗಂಟೆಗೆ ಅದೇ ಕಥೆ ಸ್ವಲ್ಪ ಹಗುರವಾಗಿ ಮರುಕಳಿಸಿತು: ಕಾರಿದ ಹಾಲು, ಬಿಗಿದ ಹೊಟ್ಟೆ, 36.3 ಡಿಗ್ರಿ.

ಇಲ್ಲಿ ಹಿರಿಯ ವೈದ್ಯರು ತಾಳ್ಮೆ ತೋರಿದ್ದರಿಂದ ಪ್ರಕರಣದ ದಿಕ್ಕೇ ಬದಲಾಯಿತು. ಮಗು ಚಟುವಟಿಕೆಯಿಂದ ಇದೆ, ಬಣ್ಣ ಚೆನ್ನಾಗಿದೆ, ಪರೀಕ್ಷೆ ಕಳಿಸೋಣ, ಆದರೆ ಆ್ಯಂಟಿಬಯಾಟಿಕ್‌ಗೆ ಆರು ಗಂಟೆ ಕಾಯೋಣ ಎಂದರು. ಆ ಆರು ಗಂಟೆಗಳಲ್ಲಿ ನಾನು ಮಗುವಿನ ಹದಿಮೂರು ದಿನಗಳ ದಾಖಲೆಗಳನ್ನು ಮೇಜಿನ ಮೇಲೆ ಹರಡಿಕೊಂಡು ಕುಳಿತೆ. ಹಗಲಿನ ಒಂದೇ ಒಂದು ಹಾಲಿನ ನಂತರವೂ ಉಷ್ಣಾಂಶ 36.5ಕ್ಕಿಂತ ಕೆಳಗೆ ಇಳಿದಿರಲಿಲ್ಲ. ರಾತ್ರಿ ಎರಡು ಮತ್ತು ನಾಲ್ಕು ಗಂಟೆಯ ಹಾಲಿನ ನಂತರ, ಮಗು ಚೆನ್ನಾಗಿದ್ದ ದಿನಗಳಲ್ಲೂ, 36.3, 36.4 ಎಂಬ ಅಂಕಿಗಳು ಮತ್ತೆ ಮತ್ತೆ ಇದ್ದವು. ಯಾರೋ ಇನ್‌ಕ್ಯುಬೇಟರಿನ ಉಷ್ಣಾಂಶವನ್ನು ಅರ್ಧ ಡಿಗ್ರಿ ಏರಿಸಿ ಸರಿಮಾಡಿದ್ದರು, ಬೆಳಿಗ್ಗೆ ಇನ್ಯಾರೋ ಇಳಿಸಿದ್ದರು. ಅಂಕಿ ಸರಿಹೋದ ಕೂಡಲೇ ಪ್ರಶ್ನೆಯೂ ಮುಗಿದುಹೋಗಿತ್ತು.

ಇನ್‌ಕ್ಯುಬೇಟರಿನದೇ ದೋಷವಿರಬಹುದೆಂದು ಅದನ್ನು ಬದಲಿಸಿದೆವು. ವ್ಯತ್ಯಾಸವಾಗಲಿಲ್ಲ.

ಅಜ್ಜಿಯ ಪ್ರಶ್ನೆ

ಹಾಲಿನ ಕಡೆಗೆ ನಮ್ಮ ಗಮನ ಸೆಳೆದದ್ದು ಮಗುವಿನ ಅಜ್ಜಿ. ಮಗಳಿಗೆ ಊಟ ತಂದಿದ್ದವರು ಬಾಗಿಲ ಬಳಿ ನನ್ನನ್ನು ತಡೆದು ಕೇಳಿದರು: “ಸಿಸ್ಟರ್, ಅಳಿಯ ಐಸಲ್ಲಿ ಇಟ್ಟು ತಂದ ಹಾಲನ್ನು ನೀವು ಹಾಗೆಯೇ ಕೊಡುವುದಾ? ಬಿಸಿ ಮಾಡುವುದುಂಟಾ?” ಬಿಸಿ ಮಾಡಿಯೇ ಕೊಡುತ್ತೇವೆ ಅಮ್ಮ ಎಂದೆ. “ಎಷ್ಟು ಬಿಸಿ?” ಎಂದರು. ಉಗುರುಬೆಚ್ಚಗೆ ಎಂದು ಉತ್ತರಿಸಿ ಒಳಗೆ ಬಂದೆ. ಆ ಉತ್ತರ ಅವರಿಗೆ ಸಾಕಾಗಿರಬಹುದು, ನನಗೆ ಸಾಕಾಗಲಿಲ್ಲ. ಹತ್ತೊಂಬತ್ತು ವರ್ಷ ಕೆಲಸ ಮಾಡಿದ ಘಟಕದಲ್ಲಿ ಮಗುವಿನ ಹೊಟ್ಟೆ ಸೇರುವ ಹಾಲು ಎಷ್ಟು ಡಿಗ್ರಿ ಇರುತ್ತದೆ ಎಂದು ನಾನು ಒಮ್ಮೆಯೂ ಅಳೆದಿರಲಿಲ್ಲ.

ನಮ್ಮ ರೂಢಿ ಹೀಗಿತ್ತು. ರಾತ್ರಿ ಪಾಳಿಯಲ್ಲಿ ಹನ್ನೆರಡು ಮಕ್ಕಳಿಗೆ ಮೂವರು ಶುಶ್ರೂಷಕಿಯರು. ಸಮಯಕ್ಕೆ ಹದಿನೈದು ನಿಮಿಷ ಮೊದಲು ಒಬ್ಬರು ಫ್ರಿಜ್ಜಿನಿಂದ ನಾಲ್ಕೈದು ಮಕ್ಕಳ ಹಾಲನ್ನು ಸಿರಿಂಜುಗಳಿಗೆ ಎಳೆದು, ಫ್ಲಾಸ್ಕಿನ ಬಿಸಿನೀರನ್ನು ಒಂದು ಸ್ಟೀಲ್ ಬೋಗುಣಿಗೆ ಸುರಿದು, ಎಲ್ಲ ಸಿರಿಂಜುಗಳನ್ನೂ ಅದರಲ್ಲಿ ನಿಲ್ಲಿಸುತ್ತಿದ್ದರು. ಆಮೇಲೆ ಮುಂಗೈಯ ಮೇಲೆ ಒಂದು ಹನಿ ಬಿಟ್ಟು ನೋಡಿ, ಹಾಸಿಗೆಯ ಕ್ರಮದಲ್ಲಿ ಹಾಲು ಕೊಡುತ್ತಾ ಹೋಗುವುದು. ನಮ್ಮ ಮಗು ಇದ್ದದ್ದು ಕೊನೆಯ ಮೂಲೆಯಲ್ಲಿ, ಏಸಿಯ ಗಾಳಿ ಬೀಳುವ ಕಡೆ.

ಮರುದಿನ ಮಧ್ಯಾಹ್ನ ಹಾಲಿನ ಬದಲು ನೀರು ತುಂಬಿದ ಸಿರಿಂಜುಗಳನ್ನು ಬಳಸಿ, ತೆಳುವಾದ ಎಲೆಕ್ಟ್ರಾನಿಕ್ ಥರ್ಮಾಮೀಟರಿನಿಂದ ಈ ಕ್ರಮವನ್ನು ಹಾಗೆಯೇ ಅಳೆದು ನೋಡಿದೆವು. ಕೋಣೆಯ ಉಷ್ಣಾಂಶ 25 ಡಿಗ್ರಿ. 37 ಡಿಗ್ರಿಗೆ ಬೆಚ್ಚಗಾದ 9 ಮಿಲಿ ದ್ರವ, ಬೋಗುಣಿಯಿಂದ ಹೊರತೆಗೆದ ಹದಿನೈದು ನಿಮಿಷಗಳಲ್ಲಿ 30 ಡಿಗ್ರಿಗೆ, ನಲವತ್ತು ನಿಮಿಷಗಳಲ್ಲಿ 26 ಡಿಗ್ರಿಗೆ ಇಳಿಯಿತು. ಲೋಟದಷ್ಟು ಹಾಲು ಮೇಜಿನ ಮೇಲೆ ಬಹಳ ಹೊತ್ತು ಬೆಚ್ಚಗಿರುತ್ತದೆ. ಎರಡು ಚಮಚೆಯಷ್ಟು ಹಾಲು ಸಪೂರ ಸಿರಿಂಜಿನಲ್ಲಿ ಹಾಗಿರುವುದಿಲ್ಲ, ಏಕೆಂದರೆ ಅದರ ಪ್ರಮಾಣಕ್ಕೆ ಹೋಲಿಸಿದರೆ ಗಾಳಿಗೆ ಒಡ್ಡಿಕೊಂಡ ಮೈ ಬಹಳ ದೊಡ್ಡದು. ಮಗು ಚಿಕ್ಕದಾದಷ್ಟೂ ಹಾಲು ಕಡಿಮೆ, ಹಾಲು ಕಡಿಮೆಯಾದಷ್ಟೂ ಅದು ಬೇಗ ತಣಿಯುತ್ತದೆ. ಹೆಚ್ಚು ಬೆಚ್ಚಗೆ ಬೇಕಾದ ಮಗುವಿಗೇ ಹೆಚ್ಚು ತಣ್ಣಗಾದ ಹಾಲು ಹೋಗುತ್ತಿತ್ತು.

ಇನ್ನೊಂದನ್ನು ನಮ್ಮ ಸಹಾಯಕಿಯೊಬ್ಬರು ತೋರಿಸಿಕೊಟ್ಟರು. ರಾತ್ರಿಯ ಬಳಸಿದ ಸಿರಿಂಜುಗಳನ್ನು ಕಸದ ಬುಟ್ಟಿಗೆ ಹಾಕುವವರು ಅವರೇ. ಹಗಲಿನ ಸಿರಿಂಜಿನಲ್ಲಿ ಇಲ್ಲದ ಬಿಳಿಯ ಜಿಡ್ಡಿನ ಬಳೆಯೊಂದು ರಾತ್ರಿಯ ಸಿರಿಂಜಿನ ಗೋಡೆಗೆ ಅಂಟಿರುತ್ತದೆ ಎಂದರು. ಎದೆಹಾಲಿನ ಶಕ್ತಿಯಲ್ಲಿ ಸುಮಾರು ಅರ್ಧ ಬರುವುದು ಕೊಬ್ಬಿನಿಂದ. ಫ್ರಿಜ್ಜಿನಲ್ಲಿಟ್ಟ ಹಾಲಿನಲ್ಲಿ ಕೊಬ್ಬು ಮೇಲಕ್ಕೆ ಬಂದು ಕೆನೆಗಟ್ಟುತ್ತದೆ. ಸರಿಯಾಗಿ ಬೆಚ್ಚಗಾಗಿಸಿ ಮೆಲ್ಲಗೆ ಸುತ್ತಾಡಿಸಿ ಬೆರೆಸದಿದ್ದರೆ ಅದು ಸಿರಿಂಜಿಗೂ ನಳಿಕೆಗೂ ಅಂಟಿ ಅಲ್ಲೇ ಉಳಿಯುತ್ತದೆ. ಹದಿನಾರನೇ ದಿನಕ್ಕೂ ಮಗು ಹುಟ್ಟಿದ ತೂಕವನ್ನು ಮುಟ್ಟಿರಲಿಲ್ಲ. ಹಾಲು ನಿಂತ ದಿನಗಳು ಅದಕ್ಕೆ ಮುಖ್ಯ ಕಾರಣ, ನಿಜ. ಆದರೆ ಕೊಟ್ಟ ಹಾಲಿನ ಕೆನೆಯೂ ಬುಟ್ಟಿಗೆ ಹೋಗುತ್ತಿತ್ತು.

ಮಾಡಿ ನೋಡಿದ್ದು, ಕೆಟ್ಟದ್ದು

ಕಾರಣ ಸಿಕ್ಕಿತು ಎಂಬ ಉತ್ಸಾಹದಲ್ಲಿ ನಾವು ಮೂರು ತಪ್ಪುಗಳನ್ನು ಒಂದರ ಹಿಂದೆ ಒಂದರಂತೆ ಮಾಡಿದೆವು.

ಮೊದಲನೆಯದು, ಹೇಗೂ ತಣಿಯುತ್ತದಲ್ಲ ಎಂದು ನೀರನ್ನು ಇನ್ನೂ ಬಿಸಿ ಮಾಡಿದ್ದು. ಫ್ಲಾಸ್ಕಿನ ನೀರಿನಲ್ಲಿ ನಿಂತ ಸಿರಿಂಜಿನೊಳಗೆ 48 ಡಿಗ್ರಿ ತೋರಿಸಿತು. ಎದೆಹಾಲು ಆಹಾರ ಮಾತ್ರವಲ್ಲ. ಕೊಬ್ಬನ್ನು ಜೀರ್ಣಿಸಲು ನೆರವಾಗುವ ಲೈಪೇಸ್ ಕಿಣ್ವ, ರಕ್ಷಣೆ ಕೊಡುವ ಪ್ರತಿಕಾಯಗಳು, ಜೀವಕೋಶಗಳು ಅದರಲ್ಲಿವೆ. ಬಿಸಿ ಏರಿದಂತೆ ಅವು ಕೆಡುತ್ತಾ ಹೋಗುತ್ತವೆ. ಹಾಲಿನ ಬ್ಯಾಂಕುಗಳಲ್ಲಿ ದಾನದ ಹಾಲನ್ನು 62.5 ಡಿಗ್ರಿಯಲ್ಲಿ 30 ನಿಮಿಷ ಕಾಯಿಸುವುದು ರೋಗಾಣು ನಾಶಕ್ಕಾಗಿ, ಆ ನಷ್ಟವನ್ನು ತಿಳಿದೇ ಒಪ್ಪಿಕೊಂಡು ಮಾಡುವ ಕೆಲಸ. ಸ್ವಂತ ತಾಯಿಯ ಹಸಿ ಹಾಲಿಗೆ ಆ ನಷ್ಟವನ್ನು ಹೊರಿಸುವುದಕ್ಕೆ ನಮಗೆ ಯಾವ ಸಮರ್ಥನೆಯೂ ಇರಲಿಲ್ಲ. ಮೈಕ್ರೋವೇವ್ ಒಲೆಯ ಸಲಹೆಯೂ ಬಂದಿತ್ತು. ಅದರಲ್ಲಿ ಹಾಲು ಒಂದು ಕಡೆ ಕುದಿದು ಇನ್ನೊಂದು ಕಡೆ ತಣ್ಣಗೇ ಇರುವುದರಿಂದ ಅದನ್ನು ಅಲ್ಲೇ ಕೈಬಿಟ್ಟೆವು.

ಎರಡನೆಯದು ಒಳ್ಳೆಯ ಮನಸ್ಸಿನ ತಪ್ಪು. ಕಿರಿಯ ಸಹೋದ್ಯೋಗಿಯೊಬ್ಬರು ಮುಂದಿನ ಸಲದ ಹಾಲನ್ನು ಮೊದಲೇ ಎಳೆದು ಇನ್‌ಕ್ಯುಬೇಟರಿನೊಳಗೆ, ಮಗುವಿನ ಕಾಲ ಬುಡದಲ್ಲಿ ಇಡಲು ಆರಂಭಿಸಿದ್ದರು. ಮಗುವಿಗೆ ಹಿತವಾದ ಶಾಖ ರೋಗಾಣುಗಳಿಗೂ ಹಿತವೇ. ಒಂದೂವರೆ ಗಂಟೆ ಆ ಶಾಖದಲ್ಲಿ ಕುಳಿತ ಹಾಲನ್ನು ಕೊಡುವಂತಿಲ್ಲ. ಮಗು ಕಾಮಾಲೆಗೆ ಚಿಕಿತ್ಸೆಯಾಗಿ ಕೊಡುವ ಬೆಳಕಿನ ಕೆಳಗಿದ್ದರಂತೂ ಆ ಬೆಳಕಿಗೆ ಹಾಲಿನ ರೈಬೋಫ್ಲೇವಿನ್‌ನಂಥ ಜೀವಸತ್ವಗಳೂ ಕ್ಷೀಣಿಸುತ್ತವೆ. ಅವರನ್ನು ಗದರಲಿಲ್ಲ, ನಮ್ಮೆಲ್ಲರಲ್ಲಿ ಸಮಸ್ಯೆಯನ್ನು ಮೊದಲು ಮನಸ್ಸಿಗೆ ಹಚ್ಚಿಕೊಂಡವರು ಅವರೇ.

ಮೂರನೆಯದು ನನ್ನದು. ಒಂದು ಕುಟುಂಬ ಕೃತಜ್ಞತೆಯಿಂದ ಕೊಟ್ಟುಹೋಗಿದ್ದ, ಮನೆಬಳಕೆಯ ಬಾಟಲಿ ಬೆಚ್ಚಗಾಗಿಸುವ ಯಂತ್ರವೊಂದು ಕಪಾಟಿನಲ್ಲಿತ್ತು. ನೀರು ತುಂಬಿ 40 ಡಿಗ್ರಿಗೆ ಇಟ್ಟರೆ ಅಲ್ಲಿಯೇ ನಿಲ್ಲುತ್ತಿತ್ತು. ಅದನ್ನು ಬಳಸಲು ನಾನೇ ಹೇಳಿದೆ. ಮೂರು ದಿನಗಳ ನಂತರ ಸೋಂಕು ನಿಯಂತ್ರಣ ವಿಭಾಗದ ಸಿಸ್ಟರ್ ತಮ್ಮ ವಾಡಿಕೆಯ ಸುತ್ತಿಗೆ ಬಂದವರು ಯಂತ್ರದೊಳಗೆ ಬೆರಳಿಟ್ಟು ನೋಡಿ, ಈ ನೀರನ್ನು ಬದಲಿಸಿದ್ದು ಯಾವಾಗ ಎಂದು ಕೇಳಿದರು. ಪಾಳಿ ಪಾಳಿಗೂ ಬದಲಿಸಬೇಕೆಂದು ಬಾಯಲ್ಲಿ ಹೇಳಿದ್ದೆ, ಬರೆದಿಟ್ಟಿರಲಿಲ್ಲ. ನೀರನ್ನೂ ತಳದಿಂದ ಒರೆಸಿ ತೆಗೆದ ಮಾದರಿಯನ್ನೂ ಕಲ್ಚರ್‌ಗೆ ಕಳಿಸಿದರು. ಸ್ಯೂಡೋಮೊನಾಸ್ ಎಂಬ ರೋಗಾಣು ಬೆಳೆಯಿತು. ಒದ್ದೆ ಜಾಗವೆಂದರೆ ಅದಕ್ಕೆ ತವರುಮನೆ. ಬಾಟಲಿ ಬೆಚ್ಚಗಾಗಿಸುವ ಇಂಥ ಯಂತ್ರಗಳ ನೀರಿನಿಂದ ನವಜಾತ ಶಿಶುಗಳ ಘಟಕಗಳಲ್ಲಿ ಸೋಂಕು ಹರಡಿದ ಪ್ರಕರಣಗಳು ವೈದ್ಯಕೀಯ ದಾಖಲೆಗಳಲ್ಲಿ ಇವೆ. ಯಂತ್ರವನ್ನು ಅಂದೇ ಹೊರಹಾಕಿದೆವು. ಯಾವ ಮಗುವಿಗೂ ಸೋಂಕು ತಗಲಲಿಲ್ಲ. ಅದು ನಮ್ಮ ಜಾಣತನದ ಫಲವಲ್ಲ.

ಲೆಕ್ಕ ತಾಳೆಯಾಗದ ರಾತ್ರಿ

ಯಂತ್ರ ಬಳಸುತ್ತಿದ್ದ ಆ ದಿನಗಳಲ್ಲೇ ಇನ್ನೊಂದು ವಿಚಿತ್ರ ಕಂಡಿತ್ತು. ಹಾಲು ಬೆಚ್ಚಗೆ ಹೋಗುತ್ತಿದೆ ಎಂದು ನಾವು ನಂಬಿದ್ದ ರಾತ್ರಿಗಳಲ್ಲೂ ಎರಡು ಗಂಟೆಯ ನಂತರದ ಉಷ್ಣಾಂಶ 36.3ಕ್ಕೆ ಇಳಿಯುತ್ತಲೇ ಇತ್ತು. ಘಟಕದಲ್ಲಿದ್ದ ಸ್ನಾತಕೋತ್ತರ ವಿದ್ಯಾರ್ಥಿಯೊಬ್ಬರು ಔಷಧದ ಚೀಟಿಯ ಹಿಂಬದಿಯಲ್ಲಿ ಲೆಕ್ಕ ಹಾಕಿ ತಂದು ನನ್ನ ಮುಂದಿಟ್ಟರು. ಮಗುವಿನ ತೂಕ ಸುಮಾರು ಒಂದು ಕಿಲೋ. ಮನುಷ್ಯನ ದೇಹದ ಒಂದು ಗ್ರಾಮನ್ನು ಒಂದು ಡಿಗ್ರಿ ಏರಿಸಲು ಸುಮಾರು 0.83 ಕ್ಯಾಲೊರಿ ಶಾಖ ಬೇಕು, ಅಂದರೆ ಈ ಮಗುವಿಗೆ ಡಿಗ್ರಿಗೆ 830 ಕ್ಯಾಲೊರಿ. ಅದು ಊಟದ ಲೆಕ್ಕದ ಕಿಲೋಕ್ಯಾಲೊರಿಯಲ್ಲ, ಅದರ ಸಾವಿರದ ಒಂದು ಪಾಲು. 27 ಡಿಗ್ರಿಯ 9 ಮಿಲಿ ಹಾಲು 37 ಡಿಗ್ರಿಗೆ ಏರಲು ಮಗುವಿನಿಂದ ಎಳೆದುಕೊಳ್ಳುವುದು ಸುಮಾರು 90 ಕ್ಯಾಲೊರಿ. ಮೈಯ ಉಷ್ಣಾಂಶ ಅದರಿಂದ ಇಳಿಯುವುದು ಡಿಗ್ರಿಯ ಹತ್ತನೇ ಒಂದು ಭಾಗ ಮಾತ್ರ. ಫ್ರಿಜ್ಜಿನಿಂದ ತೆಗೆದ 4 ಡಿಗ್ರಿಯ ಹಾಲನ್ನು ನೇರವಾಗಿ ಕೊಟ್ಟರೂ ಇಳಿಕೆ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೇ. ನಮ್ಮ ದಾಖಲೆಯಲ್ಲಿದ್ದ ಇಳಿಕೆ ಅರ್ಧ ಡಿಗ್ರಿಗೂ ಮಿಕ್ಕಿತ್ತು. “ಹಾಲಿನ ಮೇಲೆ ಎಲ್ಲ ತಪ್ಪನ್ನೂ ಹೊರಿಸಲಿಕ್ಕೆ ಆಗುವುದಿಲ್ಲ ಸಿಸ್ಟರ್, ಲೆಕ್ಕ ತಾಳೆಯಾಗುವುದಿಲ್ಲ” ಎಂದರು.

ನನಗೆ ಮೊದಲು ಬಂದದ್ದು ಸಿಟ್ಟು. ಅಜ್ಜಿಯ ಪ್ರಶ್ನೆ, ಥರ್ಮಾಮೀಟರಿನ ಅಂಕಿ, ಸಿರಿಂಜಿನ ಬಿಳಿ ಬಳೆ ಎಲ್ಲವೂ ಒಂದೇ ಕಡೆ ಬೆರಳು ತೋರಿಸುತ್ತಿದ್ದಾಗ ಒಂದು ಚೀಟಿ ಅದನ್ನು ಅಲ್ಲಗಳೆಯುತ್ತಿತ್ತು. ಹದಿನೆಂಟನೇ ದಿನ ರಾತ್ರಿ ಪಾಳಿ ನನ್ನದಲ್ಲದಿದ್ದರೂ ಉಳಿದುಕೊಂಡೆ. ಯಾವ ಕೆಲಸಕ್ಕೂ ಕೈಹಾಕದೆ ಮೂಲೆಯ ಕುರ್ಚಿಯಲ್ಲಿ ಕುಳಿತು, ಗಡಿಯಾರ ನೋಡಿ ಬರೆದುಕೊಳ್ಳುವುದೊಂದೇ ಕೆಲಸ ಎಂದು ನಿಶ್ಚಯಿಸಿದ್ದೆ. ಅದು ಹೇಳಿದಷ್ಟು ಸುಲಭವಲ್ಲ. ನಡುವೆ ಎರಡು ಸಲ ಎದ್ದು ನಿಂತಿದ್ದೆ.

1.40ಕ್ಕೆ ನಾಲ್ಕು ಮಕ್ಕಳ ಹಾಲು ಫ್ರಿಜ್ಜಿನಿಂದ ಹೊರಬಂತು. 1.58ಕ್ಕೆ ಬೆಚ್ಚಗಾದ ಸಿರಿಂಜುಗಳು ಟ್ರೇಗೆ ಬಂದವು. ಅಷ್ಟರಲ್ಲಿ ಇನ್ನೊಂದು ಮಗುವಿನ ಆಮ್ಲಜನಕ ಇಳಿದು ಅಲಾರಂ ಹೊಡೆಯಿತು, ಇಬ್ಬರು ಅಲ್ಲಿಗೆ ಓಡಿದರು. ನಮ್ಮ ಮಗುವಿನ ಬಳಿಗೆ ಹಾಲು ಬಂದದ್ದು 2.31ಕ್ಕೆ. ಆ ಸಿಸ್ಟರ್ ಇನ್‌ಕ್ಯುಬೇಟರಿನ ಎರಡೂ ಕಿಂಡಿಗಳನ್ನು ತೆರೆದು ಒಂದೇ ಸಲಕ್ಕೆ ಎಲ್ಲ ಕೆಲಸ ಮುಗಿಸಿದರು: ಲಂಗೋಟಿ ಬದಲಿಸಿ, ಹೊಟ್ಟೆಯ ಸುತ್ತಳತೆ ತೆಗೆದು, ನಳಿಕೆಯ ಸ್ಥಾನ ಪರೀಕ್ಷಿಸಿ, ಸಿರಿಂಜ್ ಸಿಕ್ಕಿಸಿ, ಹಿಡಿಯನ್ನು ಬೆರಳಿನಿಂದ ಒತ್ತಿ ಹಾಲು ಇಳಿಸಿದರು. ಒಂಬತ್ತು ಮಿಲಿ ಹಾಲು ಮೂರು ನಿಮಿಷದೊಳಗೆ ಖಾಲಿಯಾಯಿತು. ಕಿಂಡಿಗಳು ಒಟ್ಟು ಹನ್ನೊಂದು ನಿಮಿಷ ತೆರೆದಿದ್ದವು. ಇನ್‌ಕ್ಯುಬೇಟರಿನ ಒಳಗಾಳಿ 34ರಿಂದ 31 ಡಿಗ್ರಿಗೆ ಇಳಿದದ್ದನ್ನು ಪರದೆಯ ಮೇಲೆ ನಾನೇ ನೋಡಿದೆ. ಮೇಲಿನಿಂದ ಏಸಿಯ ಗಾಳಿ ಬೀಳುತ್ತಲೇ ಇತ್ತು.

ಹಗಲಿನಲ್ಲಿ ಇದೇ ಮಗುವಿಗೆ ಹಾಲು ಕೊಡುವಾಗ ತಾಯಿ ಪಕ್ಕದಲ್ಲಿ ಕುಳಿತಿರುತ್ತಿದ್ದರು, ಸಿರಿಂಜನ್ನು ಎತ್ತರಕ್ಕೆ ಹಿಡಿದಿರುತ್ತಿದ್ದರು, ಹಾಲು ತನ್ನಷ್ಟಕ್ಕೆ ಹದಿನೈದು ನಿಮಿಷಗಳಲ್ಲಿ ಇಳಿಯುತ್ತಿತ್ತು. ಮಗು ಅನೇಕ ಸಲ ಅವರ ಎದೆಗವಚಿಕೊಂಡೇ ಇರುತ್ತಿತ್ತು. ಹೊಟ್ಟೆ ಉಬ್ಬರಕ್ಕೂ ಕಾರಿಕೊಳ್ಳುವುದಕ್ಕೂ ಉಸಿರು ತಡೆಯುವುದಕ್ಕೂ ಒತ್ತಿ ಇಳಿಸಿದ ಹಾಲು ಕಾರಣವಾಗಬಲ್ಲದು. ಮೈ ತಣಿಯುವುದಕ್ಕೆ ತೆರೆದ ಕಿಂಡಿಯೊಂದೇ ಸಾಕು. ಹಾಲು ತಣ್ಣಗಿದ್ದದ್ದು ನಿಜ, ಆದರೆ ಅದನ್ನು ತಣ್ಣಗಾಗಿಸಿದ ಆ ಮೂವತ್ತಮೂರು ನಿಮಿಷಗಳ ಧಾವಂತವೇ ಹಾಲನ್ನು ಒತ್ತುವಂತೆಯೂ ಕಿಂಡಿಗಳನ್ನು ತೆರೆದಿಡುವಂತೆಯೂ ಮಾಡಿತ್ತು. ಆ ಸಿಸ್ಟರನ್ನು ದೂರುವಂತಿಲ್ಲ. ಅವರ ಜಾಗದಲ್ಲಿ ನಾನಿದ್ದರೂ ಕೆಲಸವನ್ನು ಒಟ್ಟಿಗೆ ಮುಗಿಸಿ ಮುಂದಿನ ಮಗುವಿನ ಬಳಿಗೆ ಹೋಗುತ್ತಿದ್ದೆ.

ಆ ರಾತ್ರಿ ಕಂಡ ಮತ್ತೊಂದು ಸಂಗತಿಗೆ ಇಂದಿಗೂ ನನ್ನ ಎದೆ ಹಾರುತ್ತದೆ. ಯಂತ್ರದ ನೀರಿನಲ್ಲಿ ನೆನೆದ ಎರಡು ಸಿರಿಂಜುಗಳ ಮೇಲಿನ ಶಾಯಿ ಅಳಿಸಿ, ಎರಡರಲ್ಲೂ ಒಂದೇ ಅಕ್ಷರ ಉಳಿದಿತ್ತು. ಎರಡೂ 9 ಮಿಲಿ. ಯಾವುದು ಯಾವ ತಾಯಿಯದು ಎಂದು ನಿಂತ ಜಾಗದಿಂದ ತೋರಿಸಿಕೊಟ್ಟರು, ಅದು ಸರಿಯಾಗಿಯೂ ಇತ್ತು. ಆದರೆ ಒಬ್ಬ ತಾಯಿಯ ಹಾಲು ಇನ್ನೊಬ್ಬರ ಮಗುವಿಗೆ ಹೋಗದಂತೆ ಅಲ್ಲಿ ತಡೆದಿದ್ದದ್ದು ಒಬ್ಬ ದಣಿದ ಹೆಂಗಸಿನ ನೆನಪು ಮಾತ್ರ.

ಬದಲಿಸಿದ್ದು

ನೀರಿಲ್ಲದೆ ಬೆಚ್ಚಗಾಗಿಸುವ, ಆಸ್ಪತ್ರೆಗಳಿಗೆಂದೇ ಮಾಡಿದ ಯಂತ್ರಕ್ಕೆ ಬೇಡಿಕೆ ಬರೆದೆವು. ಆ ವರ್ಷ ಮಂಜೂರಾಗಲಿಲ್ಲ. ಇದ್ದದ್ದರಲ್ಲೇ ಮಾಡಬೇಕಾಯಿತು.

ಇಪ್ಪತ್ತನೇ ದಿನದಿಂದ ಒಂದು ಮಗುವಿಗೆ ಒಂದು ಸ್ಟೀಲ್ ಲೋಟ ಎಂದು ಗೊತ್ತುಮಾಡಿದೆವು. ಕುದಿಸಿ ಆರಿಸಿದ ನೀರನ್ನು ಬಿಸಿನೀರಿನೊಂದಿಗೆ ಬೆರೆಸಿ, ಥರ್ಮಾಮೀಟರಿನಲ್ಲಿ 40 ಡಿಗ್ರಿ ನೋಡಿ, 250 ಮಿಲಿ ತುಂಬಬೇಕು. ಹಾಲಿನ ಸಿರಿಂಜಿಗೆ ಮುಚ್ಚಳ ಹಾಕಿ, ಶುದ್ಧವಾದ ಹೊಸ ಪ್ಲಾಸ್ಟಿಕ್ ಚೀಲದೊಳಗಿಟ್ಟು, ಚೀಲದ ಬಾಯಿ ನೀರಿನಿಂದ ಮೇಲೆ ಇರುವಂತೆ ನಿಲ್ಲಿಸಬೇಕು. ನೀರು ಸಿರಿಂಜನ್ನಾಗಲಿ ಅದರ ಮೇಲಿನ ಹೆಸರಿನ ಚೀಟಿಯನ್ನಾಗಲಿ ಮುಟ್ಟಬಾರದು. ಮೊದಲೇ ನೀರಿನಲ್ಲಿ ಅಳೆದು ನೋಡಿದ್ದಂತೆ 9 ಮಿಲಿಗೆ ಆರು ನಿಮಿಷ ಸಾಕಾಗುತ್ತಿತ್ತು. ಅಷ್ಟರಲ್ಲಿ ಲೋಟದ ನೀರು ಒಂದೆರಡು ಡಿಗ್ರಿ ಇಳಿದಿರುತ್ತದೆ, ಹಾಲು 35, 36ರ ಹತ್ತಿರ ಬಂದಿರುತ್ತದೆ. ಹಾಲು ಅತಿಯಾಗಿ ಬಿಸಿಯಾಗುವ ಸಾಧ್ಯತೆಯೇ ಇರುವುದಿಲ್ಲ. ಬಳಿಕ ಲೋಟದ ನೀರು ಚೆಲ್ಲಿ, ಲೋಟವನ್ನು ತೊಳೆದು ಒಣಗಿಸಿ ಕವುಚಿಡಬೇಕು. ನಮ್ಮ ಕರಾವಳಿಯ ಜೂನ್ ತಿಂಗಳಿನಲ್ಲಿ ಯಾವುದೂ ತಾನಾಗಿ ಒಣಗುವುದಿಲ್ಲ, ಆದ್ದರಿಂದ ಒರೆಸಲು ಬಿಸಾಡುವ ಕಾಗದವನ್ನೇ ಇಟ್ಟೆವು. ಒಮ್ಮೆ ಬೆಚ್ಚಗಾದ ಹಾಲು ಮತ್ತೆ ಫ್ರಿಜ್ಜಿಗೆ ಹೋಗಬಾರದು, ಉಳಿದರೆ ಚೆಲ್ಲಬೇಕು. ಚೆಲ್ಲುವಾಗ ಎಲ್ಲರ ಕೈಯೂ ಹಿಂಜರಿಯುತ್ತಿತ್ತು, ಏಕೆಂದರೆ ಆ ಹಾಲನ್ನು ಹಿಂಡಿದವರ ಮುಖ ನಮಗೆ ಪರಿಚಿತ.

ಇದಕ್ಕಿಂತ ಹೆಚ್ಚು ಫಲ ಕೊಟ್ಟದ್ದು ಸಮಯದ ಬದಲಾವಣೆ. ಹನ್ನೆರಡೂ ಮಕ್ಕಳಿಗೆ ಎರಡು ಗಂಟೆಗೇ ಹಾಲು ಕೊಡಬೇಕೆಂದು ಯಾವ ಶಾಸ್ತ್ರದಲ್ಲೂ ಇಲ್ಲ. ಮಕ್ಕಳನ್ನು ಮೂರು ಗುಂಪು ಮಾಡಿ ಇಪ್ಪತ್ತು ಇಪ್ಪತ್ತು ನಿಮಿಷಗಳ ಅಂತರ ಕೊಟ್ಟೆವು. ಅತಿ ಚಿಕ್ಕ ಮಕ್ಕಳು ಮೊದಲ ಗುಂಪಿನಲ್ಲಿ. ಬೆಚ್ಚಗಾಗಿಸಿದವರೇ ಹಾಲು ಕೊಡಬೇಕು, ಬೆಚ್ಚಗಾದ ಹಾಲು ಟ್ರೇಯಲ್ಲಿ ಕಾಯಬಾರದು. ಹಿಡಿಯನ್ನು ಸಿರಿಂಜಿನಿಂದ ತೆಗೆದೇ ಬಿಡುವುದರಿಂದ ಒತ್ತುವ ಪ್ರಲೋಭನೆಯೂ ಇಲ್ಲವಾಯಿತು. ನಳಿಕೆಯ ಹೊರತುದಿಯನ್ನು ಕೊಳವೆಗಳಿಗೆಂದೇ ಇರುವ ಸಣ್ಣ ಸಂದಿನಿಂದ ಹೊರತಂದು, ಸಿರಿಂಜನ್ನು ಹೊರಗೆ ತೂಗುಹಾಕಿ, ಕಿಂಡಿಗಳನ್ನು ಮುಚ್ಚಿಯೇ ಹಾಲು ಇಳಿಸಿದೆವು. ಲಂಗೋಟಿ, ಸುತ್ತಳತೆ ಎಲ್ಲ ಬೇರೆ ಹೊತ್ತಿಗೆ. ಮಗುವಿನ ಹಾಸಿಗೆಯನ್ನು ಏಸಿಯ ಕೆಳಗಿನಿಂದ ಸರಿಸಲು ಐದು ನಿಮಿಷ ಹಿಡಿಯಿತು. ಅಷ್ಟು ದಿನ ಅದು ಅಲ್ಲೇ ಇದ್ದುದಕ್ಕೆ ಪ್ಲಗ್ ಹತ್ತಿರವಿದೆ ಎಂಬುದರ ಹೊರತು ಬೇರೆ ಕಾರಣವಿರಲಿಲ್ಲ.

ಹಾಲು ನಿಧಾನವಾಗಿ ಇಳಿಯುವಾಗ ಸಿರಿಂಜಿನಲ್ಲೂ ನಳಿಕೆಯಲ್ಲೂ ಮತ್ತೆ ತಣಿಯುತ್ತದೆ. ನಳಿಕೆಯ ತುದಿಯಲ್ಲಿ ಅಳೆದಾಗ ಕೊನೆಯ ಹನಿಗಳು 31 ಡಿಗ್ರಿ ಇದ್ದವು. ಆ ಕೊರತೆಯನ್ನು ತುಂಬಲು ಹಾಲನ್ನು ಇನ್ನಷ್ಟು ಬಿಸಿ ಮಾಡುವುದಾಗಲಿ, ಒತ್ತಿ ಬೇಗ ಇಳಿಸುವುದಾಗಲಿ ಬೇಡವೆಂದು ತೀರ್ಮಾನಿಸಿದೆವು. ನಿಖರವಾಗಿ 37 ಡಿಗ್ರಿಯ ಹಾಲೇ ಕೊಟ್ಟರೆ ಮಗು ಹೆಚ್ಚು ಚೆನ್ನಾಗಿ ಅರಗಿಸಿಕೊಳ್ಳುತ್ತದೆ ಎಂಬುದಕ್ಕೆ ನಡೆದ ಅಧ್ಯಯನಗಳ ಫಲಿತಾಂಶಗಳೂ ಒಂದೇ ದಿಕ್ಕಿನಲ್ಲಿಲ್ಲ. ತಣ್ಣಗಲ್ಲದ, ಬಿಸಿಯಲ್ಲದ, ಕೆನೆ ಬೆರೆತ, ನಿಧಾನವಾಗಿ ಇಳಿಯುವ ಹಾಲು ನಮ್ಮ ಗುರಿಯಾಯಿತು.

ಆದದ್ದು

ಇಪ್ಪತ್ತನೇ ದಿನದ ನಂತರ ರಾತ್ರಿಯ ಹಾಲಿನ ಬಳಿಕ ದಾಖಲಾದ ಅತಿ ಕಡಿಮೆ ಉಷ್ಣಾಂಶ 36.6. ಹಾಲನ್ನು ಮತ್ತೆ ನಿಲ್ಲಿಸಬೇಕಾಗಲಿಲ್ಲ. ಇಪ್ಪತ್ತನಾಲ್ಕನೇ ದಿನಕ್ಕೆ ಕಿಲೋಗೆ ದಿನಕ್ಕೆ 150 ಮಿಲಿಯ ಪೂರ್ಣ ಪ್ರಮಾಣ ತಲುಪಿ, ರಕ್ತನಾಳದ ಡ್ರಿಪ್ ತೆಗೆದೆವು. ಅಷ್ಟರಲ್ಲಿ ಬಾಣಂತಿಯರ ಕೋಣೆಯಲ್ಲಿ ಒಂದು ಮಂಚ ಖಾಲಿಯಾಗಿ ತಾಯಿಯೂ ಅಲ್ಲೇ ಉಳಿಯತೊಡಗಿದ್ದರು. ರಾತ್ರಿಯ ಒಂದೆರಡು ಹಾಲು ಹಿಂಡಿದ ಬಿಸಿಯಲ್ಲೇ ಸಿಗುತ್ತಿತ್ತು, ಮಗು ದಿನಕ್ಕೆ ಎಂಟು ಗಂಟೆಗೂ ಹೆಚ್ಚು ಹೊತ್ತು ಅವರ ಎದೆಯ ಮೇಲೆ ಇರುತ್ತಿತ್ತು. ಆದ್ದರಿಂದ ಚೇತರಿಕೆಯಲ್ಲಿ ಲೋಟದ ಪಾಲೆಷ್ಟು, ಕಿಂಡಿಯ ಪಾಲೆಷ್ಟು, ತಾಯಿಯ ಪಾಲೆಷ್ಟು, ಹೆಚ್ಚಿದ ವಾರಗಳ ಪಾಲೆಷ್ಟು ಎಂದು ಬಿಡಿಸಿ ಹೇಳಲು ನನ್ನಿಂದ ಸಾಧ್ಯವಿಲ್ಲ. ಒಂದೊಂದನ್ನೇ ಬದಲಿಸಿ ನೋಡಿದ್ದರೆ ತಿಳಿಯುತ್ತಿತ್ತೇನೋ. ಮಗುವಿನ ಮೇಲೆ ಹಾಗೆ ಪ್ರಯೋಗ ಮಾಡುವ ಮನಸ್ಸು ಯಾರಿಗೂ ಇರಲಿಲ್ಲ.

34ನೇ ವಾರಕ್ಕೆ ಒಳಲೆಯಲ್ಲಿ ಹಾಲು ಕುಡಿಯಲು ಆರಂಭಿಸಿದ ಮಗು, ನಿಧಾನವಾಗಿ ಎದೆಗೂ ಹತ್ತಿತು. ಐವತ್ತೆರಡನೇ ದಿನ 1,780 ಗ್ರಾಂ ತೂಕದೊಂದಿಗೆ ಮನೆಗೆ ಹೋಯಿತು. ನಿಷೇಧ ಮುಗಿದಿದ್ದರೂ ತಂದೆ ಅಂದು ಬೋಟಿಗೆ ಹೋಗದೆ ಬಂದಿದ್ದರು. ತಮ್ಮ ಪೆಟ್ಟಿಗೆಯ ಮಂಜಿನಿಂದಲೇ ಮಗುವಿಗೆ ಹಾಗಾಯಿತೇ ಎಂದು ನನ್ನನ್ನು ಪಕ್ಕಕ್ಕೆ ಕರೆದು ಕೇಳಿದರು. ಅಷ್ಟು ದಿನ ಆ ಮಾತನ್ನು ಅವರು ಮನಸ್ಸಿನಲ್ಲಿ ಇಟ್ಟುಕೊಂಡು ತಿರುಗಿದ್ದಾರೆಂದು ನಮಗ್ಯಾರಿಗೂ ಹೊಳೆದಿರಲಿಲ್ಲ. ಇಲ್ಲ ಅಣ್ಣ, ನೀವು ತಂದ ಹಾಗೆಯೇ ತರಬೇಕು, ಹಾಲು ಕೆಡದೆ ಬಂದದ್ದು ಅದರಿಂದಲೇ, ಕುಂದು ಇದ್ದದ್ದು ನಮ್ಮ ಕಡೆ ಎಂದು ವಿವರಿಸಿದೆ. ಆ ವಿವರಣೆಯನ್ನು ಹದಿನೈದನೇ ದಿನವೇ ಕೊಡಬೇಕಾಗಿತ್ತು.

ಲೋಟಗಳ ಪದ್ಧತಿ ಘಟಕದಲ್ಲಿ ಉಳಿದಿದೆ. ಪ್ರತಿ ಹಾಲಿಗೂ ಫ್ರಿಜ್ಜಿನಿಂದ ತೆಗೆದ ಸಮಯ, ಲೋಟದ ನೀರಿನ ಉಷ್ಣಾಂಶ, ಕೊಡಲಾರಂಭಿಸಿದ ಸಮಯ ಬರೆಯಲು ದಾಖಲೆಯಲ್ಲಿ ಮೂರು ಕಾಲಂಗಳನ್ನು ಸೇರಿಸಿದ್ದೇವೆ. ತಿಂಗಳ ಕೊನೆಯಲ್ಲಿ ಅವನ್ನು ನೋಡುವಾಗ, ಮಕ್ಕಳ ಸಂಖ್ಯೆ ಹನ್ನೆರಡನ್ನು ದಾಟಿದ ರಾತ್ರಿಗಳಲ್ಲಿ ನಾಲ್ಕು ಗಂಟೆಯ ಸಾಲು ಸಾಮಾನ್ಯವಾಗಿ ಖಾಲಿಯಾಗಿರುತ್ತದೆ. ಆ ಖಾಲಿ ಜಾಗಗಳನ್ನು ಬೆಳಿಗ್ಗೆ ಯಾರೂ ಅಂದಾಜಿನಲ್ಲಿ ತುಂಬಬಾರದು ಎಂದು ಹೇಳಿದ್ದೇನೆ, ಮತ್ತು ರಾತ್ರಿ ಪಾಳಿಗೆ ನಾಲ್ಕನೆಯವರೊಬ್ಬರು ಬೇಕೆಂದು ಬರೆಯುವ ಪ್ರತಿ ಅರ್ಜಿಗೂ ಆ ಹಾಳೆಗಳನ್ನೇ ಲಗತ್ತಿಸುತ್ತಿದ್ದೇನೆ.